ಕೂಸಿನ ಕೌದಿಗೊಂದು ತುತ್ತು

ಹೊದೆಯುವ ಕೌದಿಗೂ ಊಟ ಹಾಕುವ ಸೀಮೆಗೆ ಬಂದು ಸೇರಿದ್ದೇನೆ ಎಂದು ನನಗೆ ತಿಳಿಸಿದವಳು ಪುಣೆಯ ಒಬ್ಬ ಬಾಣಂತಿ. ಆಕೆ ಕಳಿಸಿದ ಫೋಟೊದಲ್ಲಿ ನಾನು ಆನ್‌ಲೈನಿನಲ್ಲಿ ಮಾರಿದ ಕೂಸಿನ ಕೌದಿಯ ಒಂದು ಮೂಲೆ ಬಿಚ್ಚಿತ್ತು. ಒಳಗೆ ಒಣಗಿದ ಜೋಳದ ರೊಟ್ಟಿಯ ಚೂರು, ಅದರ ತುಂಬ ಹುಳ. ಸರಕು ವಾಪಸ್, ಒಂದೇ ಸ್ಟಾರ್.

ನಾನು ಮದ್ದೂರಿನ ಕಡೆಯವಳು. ಗಂಡನಿಗೆ ಹುಮನಾಬಾದಿನ ಕಾರ್ಖಾನೆಯಲ್ಲಿ ಕೆಲಸ, ಬಾಡಿಗೆ ಮನೆ ಸಿಕ್ಕಿದ್ದು ಬಸವಕಲ್ಯಾಣದಲ್ಲಿ. ನಮ್ಮಲ್ಲಿ ಮುದ್ದೆ ನುಂಗಿದರೆ ಊಟ ಮುಗಿಯಿತು. ಇಲ್ಲಿ ರೊಟ್ಟಿ ಅಗಿದು ಅಗಿದು ದವಡೆ ಸೋಲುತ್ತದೆ. 'ಬರ್ರಿ, ಕೂಡ್ರಿ' ಎಂದು ಪ್ರೀತಿಯಿಂದ ಕರೆದರೂ ಮೊದಮೊದಲು ಗದರಿದ ಹಾಗೆ ಕೇಳಿಸುತ್ತಿತ್ತು. ಮನೆ ಮಾಲೀಕರ ಹೆಂಡತಿಯನ್ನು ಓಣಿಯೆಲ್ಲ 'ಖಾಲಾ' ಎನ್ನುತ್ತದೆ. ಉರ್ದುವಿನಲ್ಲಿ ಚಿಕ್ಕಮ್ಮ ಎಂದರ್ಥ. ಆಕೆ ಇಲ್ಲದಿದ್ದರೆ ನಾನು ಗೋಡೆಗಳ ಜೊತೆ ಮಾತಾಡಬೇಕಿತ್ತು.

ಕಾರ್ಖಾನೆಯಲ್ಲಿ ಪಾಳಿ ಕಡಿಮೆಯಾದಾಗ ಗಂಡ ಅಂದರು, "ದೀಪಾವಳಿಗಂಟ ನೋಡವ. ಆಗ್ಲಿಲ್ಲ ಅಂದ್ರೆ ಊರಿಗೆ ಹೊಂಟೋಗವ." ಊರೆಂದರೆ ಭಾವನ ಮನೆಯಲ್ಲೊಂದು ಮೂಲೆ. ನನಗೆ ಊರು ಬೇಕಿತ್ತು, ಆ ಮೂಲೆ ಬೇಡವಾಗಿತ್ತು.

ಅದಕ್ಕೇ ಆನ್‌ಲೈನ್ ಮಾರಾಟಕ್ಕೆ ಇಳಿದೆ. ಮೊದಲು ಮೊಬೈಲ್ ಕವರ್. ಎಲ್ಲರೂ ಕೊಳ್ಳುತ್ತಾರೆ ಎಂದು ಆರಿಸಿದೆ. ಎಲ್ಲರೂ ಮಾರುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು. ನಾನು ಬೆಲೆ ಇಳಿಸಿದರೆ ಇನ್ನೊಬ್ಬ ಇನ್ನೂ ಇಳಿಸುತ್ತಿದ್ದ. ಸ್ಟೀಲ್ ಬಾಟಲಿಗಳು ದಾರಿಯಲ್ಲೇ ನೆಗ್ಗಿ ಹಿಂದಿರುಗಿದವು, ಬಂದ ಲಾಭವನ್ನೂ ತಿಂದವು. ಕೆಟ್ಟ ಮೇಲೆ ಬುದ್ಧಿ ಬಂತು: ಸರಕು ಹಗುರವಿರಬೇಕು, ಒಡೆಯಬಾರದು, ಅಳತೆಯ ರಗಳೆ ಇರಬಾರದು, ಬೇರೆಯವರ ಬಳಿ ಸಿಗಬಾರದು. ಇದನ್ನೇ ಜಪಿಸುತ್ತಾ ಕುಳಿತಿದ್ದಾಗ ಖಾಲಾಳ ಮೊಮ್ಮಗಳು ಮಲಗಿದ್ದ ಕೌದಿ ಕಣ್ಣಿಗೆ ಬಿತ್ತು. ಬಟ್ಟೆಯ ತುಂಡುಗಳನ್ನು ಪದರ ಹಾಕಿ ಕೈಯಲ್ಲಿ ಹೊಲಿದ ಪುಟ್ಟ ಹೊದಿಕೆ. ಹೊಲಿದವರು ಹತ್ತಿರದ ಹಳ್ಳಿ ಮಂಠಾಳದ ಮಹಾದೇವಮ್ಮ.

ಹೊಸ ಹತ್ತಿ ಬಟ್ಟೆ ಕೊಟ್ಟು ಹೊಲಿಸಿದೆ. ಬೇಡಿಕೆ ಬಂತು, ಲಾಭವೂ ಬಂತು. ಹಿಂದೆಯೇ ಪುಣೆಯ ಫೋಟೊ, ಅದರ ಬೆನ್ನಿಗೆ ಸೊಲ್ಲಾಪುರದಿಂದ ಅಂಥದೇ ಇನ್ನೊಂದು. ಮತ್ತೊಂದು ದೂರು ಬಂದರೆ ಖಾತೆ ಬಂದ್ ಎಂದು ಮಾರಾಟತಾಣದ ಎಚ್ಚರಿಕೆ.

ಖಾಲಾಳನ್ನು ಕರೆದುಕೊಂಡು ಮಂಠಾಳದ ಬಸ್ಸು ಹತ್ತಿದೆ. ಫೋಟೊ ನೋಡಿ ಮಹಾದೇವಮ್ಮ ಒಂಚೂರೂ ಗಾಬರಿಯಾಗಲಿಲ್ಲ.

"ಹೌದ್ರಿ, ನಾನೇ ಇಟ್ಟೀನಿ. ಕಡೀ ಮೂಲಿ ಮುಚ್ಚೂ ಮುಂದ ಒಂದು ತುತ್ತು ಇಡೂದು ನಮ್ಮನಿ ಪದ್ಧತಿ. ಉಪಾಸ ಕೌದ್ಯಾಗ ಕೂಸು ಹ್ಯಾಂಗ ಮಲಗತದ?"

"ಅಮ್ಮಾ, ಆ ಮಗುವಿನ ಹಾಸಿಗೇಲಿ ಹುಳ ಬಿದ್ದಿದೆ. ಇನ್ಮೇಲೆ ಇಡ್ಬೇಡಿ, ನನ್ನ ಅಂಗಡಿ ಮುಚ್ಚೋಗತ್ತೆ."

"ಹಂಗಂದ್ರ ಒಯ್ಯಬ್ಯಾಡ್ರಿ. ಉಪಾಸ ಕೌದಿ ನಾ ಹೊಲಿಯಾಂಗಿಲ್ಲ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಇವರನ್ನು ಬಿಟ್ಟರೆ ಮತ್ತೆ ಮೊಬೈಲ್ ಕವರೇ ಗತಿ. ಚಹಾ ಕುಡಿಯುತ್ತಿದ್ದ ಖಾಲಾ ಕಪ್ಪು ಕೆಳಗಿಟ್ಟರು.

"ಮಹಾದೇವಮ್ಮ, ನಾವು ದರ್ಗಾದಾಗ ಫಾತಿಹಾ ಓದಿಸಿ ಎಡಿ ಕೊಟ್ಟ ಮ್ಯಾಲ ಆ ಮಲೀದಾ ಸಿಹಿ ಯಾರು ತಿಂತಾರ? ನಾವೇ. ನೀವರ ನೈವೇದ್ಯದ ಹೋಳಗಿ ದೇವ್ರ ಮುಂದ ಬಿಟ್ಟು ಬರ್ತೀರೇನು? ಕೌದಿಗಿ ತುತ್ತು ತೋರಸ್ರಿ. ಆಮ್ಯಾಲ ಎತ್ತಿ ಉಣ್ರಿ."

ಮಹಾದೇವಮ್ಮ ಸೂಜಿಗೆ ದಾರ ಪೋಣಿಸಿಕೊಂಡರು. ಕೊನೆಗೆ, "ಆಗ್ಲಿ. ಆದ್ರ ಉಣ್ಣಾಕಿ ನಾ ಅಲ್ಲ. ಕಳಸೋರು ಇವರು, ಇವರೇ ಉಣ್ಣಲಿ," ಎಂದರು.

ಹಾಗಾಗಿ ಈಗ ಕೌದಿಗಳ ಕೊನೆಯ ಮೂಲೆಗಳು ನನ್ನೆದುರೇ ಮುಚ್ಚುತ್ತವೆ. ಮಹಾದೇವಮ್ಮ ತುತ್ತಿಟ್ಟು ತೆಗೆದುಕೊಡುತ್ತಾರೆ, ನಾನು ಅಗಿಯುತ್ತೇನೆ. ಅವರ ಸೊಸೆಯರು ನನ್ನ ಮುಖ ನೋಡಿ ನಗುತ್ತಾರೆ. ಮೂರನೆಯ ದೂರು ಬಂದಿಲ್ಲ. ಆದರೂ ಫೋನ್ ಸದ್ದಾದರೆ ಮೊದಲು ಸ್ಟಾರ್ ಎಷ್ಟೆಂದು ನೋಡುತ್ತೇನೆ. ದೀಪಾವಳಿ ಹತ್ತಿರ ಬಂದಿದೆ, ಗಂಡ ಊರಿನ ಮಾತೆತ್ತಿಲ್ಲ. ಕೇಳಲು ನನಗೆ ಧೈರ್ಯವಿಲ್ಲ.

ಮೊನ್ನೆ ಮದ್ದೂರಿನಿಂದಲೇ ಒಂದು ಬೇಡಿಕೆ ಬಂತು, ಅಮ್ಮನ ಮನೆಯ ಹಿಂದಿನ ಬೀದಿ. ಹೆಸರು ಗುರುತಿನದಲ್ಲ. ಆ ಕೌದಿಯ ತುತ್ತನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಅಗಿದೆ. ನೀರು ಕುಡಿದು ನುಂಗಿದೆ. ಪೊಟ್ಟಣವನ್ನು ಕೊರಿಯರ್‌ನವನ ಕೈಗಿಡುವಾಗ, ದೇವರೇ, ಇದು ನಮ್ಮೂರಿನಿಂದ ವಾಪಸ್ ಬರದಿರಲಿ ಎಂದು ಬೇಡಿಕೊಂಡೆ. ನಾವು ಊರಿಗೆ ವಾಪಸ್ ಹೋಗಬೇಕಾಗಿ ಬಂದರೆ ಎಂಬ ಭಯವೂ ಇತ್ತು, ಹೋಗುವುದೇ ಇಲ್ಲವಾದರೆ ಎಂಬ ಭಯವೂ ಇತ್ತು. ಅವೆರಡರಲ್ಲಿ ಯಾವುದನ್ನು ತಪ್ಪಿಸು ಎಂದು ಬೇಡಲಿ, ತಿಳಿಯಲಿಲ್ಲ.