ಮಾಸ್ತರರು ಕೆಳಗಿಟ್ಟ ಎಲೆಗಳು

ಅಂದು ಮಾಸ್ತರರ ಲೆಕ್ಕ ತಪ್ಪಿತ್ತೋ, ಈಗ ನನ್ನ ನೆನಪು ತಪ್ಪುತ್ತಿದೆಯೋ, ಖಾತ್ರಿಯಾಗಿ ಹೇಳಲಾರೆ.

ಅವರು ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯವರು, ಗಣಿತ ಕಲಿಸಿ ನಿವೃತ್ತರಾದವರು. ಭಾನುವಾರ ಅವರ ಕಟ್ಟೆಯ ಮೇಲೆ ಹುಣಸೆಬೀಜ ಪಣವಿಟ್ಟು ಇಸ್ಪೀಟು ನಡೆಯುತ್ತಿತ್ತು. ಆಟ ಉಲ್ಟಾ: ಏಳು ಎಲೆಗಳಲ್ಲಿ ಜೋಡಿಯಾಗದ ಐದು ಚಿಕ್ಕ ಎಲೆ ಕೂಡಿಸಿದವರೇ ಗೆದ್ದಂತೆ. ನಾಲ್ಕು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಿಡಬೇಕು. ಎದುರಿನವರ ಪಣಕ್ಕೆ ಸಮ ಇಡುವ ಮುಂಚೆ ಮಾಸ್ತರರು ಕನ್ನಡಕ ಹಣೆಗೇರಿಸಿ, "ಕಂಡದ್ದು ಕಳೀರಿ, ಕಾಣದ್ದು ಎಣಸ್ರಿ" ಎನ್ನುತ್ತಿದ್ದರು. ಲೆಕ್ಕ ಒಪ್ಪಿದರಷ್ಟೇ ಇಡುತ್ತಿದ್ದರು.

ಒಮ್ಮೆ ಬೀಜವೆಲ್ಲ ಸೋತ ನಮ್ಮ ಓಣಿಯ ದರ್ಜಿ ಜಿದ್ದಿಗೆ ಬಿದ್ದು, ಮರಿಯಿಂದ ಸಾಕಿದ ತನ್ನ ಬಿಳಿ ಪಾರಿವಾಳದ ಜೋಡಿಯನ್ನೇ ಪಣಕ್ಕಿಟ್ಟ. ಅವನ ಮುಂದೆ ಬಿಚ್ಚಿದ್ದವೆಲ್ಲ ದೊಡ್ಡ ಎಲೆಗಳೆಂದು ನನ್ನ ನೆನಪು. ಮಾಸ್ತರರು ಪಕ್ಕದಲ್ಲಿದ್ದ ನನಗೆ ತಮ್ಮ ಮುಚ್ಚಿದ ಎಲೆ ತೋರಿಸಿದರು. ಅವರಿಗೆ ನಾಲ್ಕು ಚಿಕ್ಕವು ಕೂಡಿದ್ದವು, ಇನ್ನೊಂದು ಎಲೆ ಬರುವುದಿತ್ತು.

"ಯಾಕ್ರಿ ಮಾಸ್ತರ್, ಬೆವರ್ ಬಂತೇನ್ರಿ?" ಎಂದು ದರ್ಜಿ ನಕ್ಕ. ಅವನ ಕೈ ಮಾತ್ರ ಪಾರಿವಾಳದ ಪಂಜರ ಬಿಟ್ಟಿರಲಿಲ್ಲ.

ಮಾಸ್ತರರು ಆ ಕೈಯನ್ನೇ ನೋಡಿದರು. ಕನ್ನಡಕ ಮುಟ್ಟಲಿಲ್ಲ. "ಲೆಕ್ಕ ಬರಾಂಗಿಲ್ಲೋ ತಮ್ಮಾ. ನಿನ್ನ ಹಕ್ಕಿ ನೀನೇ ಒಯ್ಯಿ" ಎಂದು ಸೋಲೊಪ್ಪಿ ಎಲೆಗಳನ್ನು ಕೆಳಗಿಟ್ಟರು.

ಹೋದ ವರ್ಷ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ದರ್ಜಿ ಸಿಕ್ಕಾಗ ಆ ಎಲೆಗಳ ಬಗ್ಗೆ ಕೇಳಿದೆ. "ಬಾದಶಾ, ರಾಣಿ, ಗುಲಾಮ, ಹತ್ತು. ನಂದು ಬರೀ ಧಮಕಿ ಇತ್ರಿ" ಎಂದ.

ಮನೆಗೆ ಬಂದು ಕಂಡದ್ದು ಕಳೆದು ಎಣಿಸಿದೆ. ಉಳಿದ ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಸ್ತರರನ್ನು ಗೆಲ್ಲಿಸುವಂಥವೇ ಆಗಿದ್ದವು.