ಆರಿದ ಬೆಲ್ಲದ ಪಾಕ

ನನ್ನನ್ನು ಮೆಜೆಸ್ಟಿಕ್ಕಿಗೆ ಒಯ್ಯಬೇಕಾದ ಆಟೊ ಕೆಳಗೆ ಕಾಯುತ್ತಿದೆ. ನಾನಿನ್ನೂ ಗಿರಿನಗರದ ಸರೋಜತ್ತೆಯ ತಾರಸಿಯಲ್ಲಿದ್ದೇನೆ. ಅಲಸಂದೆ ಗಿಡ ಕೀಳುವುದನ್ನು ನೋಡದೆ ಹೊರಡುವಂತಿಲ್ಲವಂತೆ.

ಕಳೆದ ವರ್ಷ ಅತ್ತೆ ಬಿತ್ತನೆ ಬೀಜಕ್ಕೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾದ ಪುಡಿ ಹಚ್ಚಿದ್ದರು. ಅದು ಅಂಟಲು ಬೆಲ್ಲದ ನೀರು ಬೇಕು. ಉಂಡೆ ಕಟ್ಟಿ ಪಳಗಿದ ಕೈ. ಒಲೆಯಿಂದ ಇಳಿಸಿದ ಬಿಸಿ ಪಾಕಕ್ಕೇ ಪುಡಿ ಸುರಿದುಬಿಟ್ಟರು. ಬ್ಯಾಕ್ಟೀರಿಯಾ ಬೆಂದುಹೋಯಿತು, ಗಿಡಗಳು ಹಳದಿಯಾದವು. ಈ ಸಲವೂ ಕೈಕೊಟ್ಟರೆ ಯೂರಿಯಾ ತರುವುದಾಗಿ ಮಾವ ಹೇಳಿದ್ದಾರೆ.

"ಈ ಸಲ ಪಾಕ ಪೂರ್ತಿ ಆರಿಸೇ ಪುಡಿ ಹಾಕಿದೀನಿ ಕಣ್ರೀ," ಎನ್ನುತ್ತ ಅತ್ತೆ ಗಿಡ ಎಳೆದರು. ಬೇರಿನ ತುಂಬ ಕಾಳುಮೆಣಸಿನಂಥ ಗಂಟುಗಳು.

"ಗಂಟಿದ್ರೆ ಸಾಕಾ? ಒಳಗೆ ಜೀವ ಇರ್ಬೇಕಲ್ಲ," ಎಂದರು ಮಾವ.

ಅತ್ತೆ ಒಂದು ಗಂಟನ್ನು ಉಗುರಿನಿಂದ ಸೀಳಿದರು. ಒಳಗೆ ಹಸಿ ಗಾಯದಂಥ ಕೆಂಪು! ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿರುವ ಗುರುತು ಅದು. ಹಸಿರು ಗಿಡದೊಳಗೆ ಈ ಬಣ್ಣ ಇದ್ದೀತೆಂದು ನಾನು ಎಣಿಸಿರಲಿಲ್ಲ.

"ಈಗ ಯೂರಿಯಾ ತರ್ತೀರಾ?" ಅತ್ತೆ ಕೇಳಿದರು. ಮಾವ ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದರು.

ಕೆಳಗೆ ಆಟೊದ ಹಾರ್ನ್ ಕೇಳಿಸಿತು. ಅತ್ತೆ ಗಿಡವನ್ನು ಬಾವುಟದಂತೆ ಎತ್ತಿ ಹಿಡಿದು ಕೂಗಿದರು:

"ಅಣ್ಣಾ, ಗಾಡಿ ಆಫ್ ಮಾಡಿ ಮೇಲ್ ಬನ್ನಿ! ನೀವೂ ನೋಡ್ಲೇಬೇಕು!"