ಮಳೆಯಿಲ್ಲದೆ ಸೋರಿದ ಸೂರು

2023ರ ಮೇ ತಿಂಗಳು. ಬೈಲಹೊಂಗಲದಲ್ಲಿ ನನ್ನ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಶುರುವಾಗಿ ಆಗ ಇಪ್ಪತ್ತೊಂಬತ್ತು ವರ್ಷ. ಶಟರು, ಗೇಟು, ಗೋದಾಮಿನ ತಗಡಿನ ಸೂರು, ಟ್ರ್ಯಾಕ್ಟರ್ ಟ್ರೇಲರ್, ಹೀಗೆ ಕಬ್ಬಿಣದ ಯಾವ ಕೆಲಸಕ್ಕೂ ಇಲ್ಲ ಎಂದವನಲ್ಲ. ಸಿಟ್ಟಿನ ಮನುಷ್ಯ ಎಂಬ ಹೆಸರೂ ಇತ್ತು. ಅದು ಸುಳ್ಳೇನಲ್ಲ. ಕೆಟ್ಟ ಕೆಲಸ ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ.

ಮುರಗೋಡದಿಂದ ಸುನಂದಾ ಅಕ್ಕೋರ ಫೋನು ಬಂತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಚಿಗವ್ವ, ಅಂದರೆ ಚಿಕ್ಕಮ್ಮ, ಗಂಗವ್ವನ ಜೊತೆ ಅವರ ವಾಸ. ಅವರ ಹಿತ್ತಲಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಇಟ್ಟಿಗೆ ಕೋಣೆಯೊಂದಿತ್ತು. ಹೊರಗಿನಿಂದ ನೋಡಿದವರು ಪಂಪ್‌ಸೆಟ್ಟಿನ ಮನೆ ಎನ್ನಬೇಕು. ಆದರೆ ಅದರ ತಗಡಿನ ಸೂರಿಗೆ ಎಂಟು ಗಾಲಿ. ಗೋಡೆಯ ನೆತ್ತಿಯ ಮೇಲೆ ಕಬ್ಬಿಣದ ಹಳಿ. ದೂಡಿದರೆ ಇಡೀ ಸೂರು ಹಿಂದಿನ ಎರಡು ಕಂಬಗಳ ಮೇಲಕ್ಕೆ ಸರಿದು, ಕೋಣೆ ಆಕಾಶಕ್ಕೆ ಬಾಯಿ ತೆರೆಯುತ್ತದೆ. ಇದಕ್ಕೆ ರೋಲ್-ಆಫ್ ರೂಫ್ ಎನ್ನುತ್ತಾರೆ. ಸ್ಲೈಡಿಂಗ್ ಗೇಟನ್ನು ಅಡ್ಡ ಮಲಗಿಸಿದಂತೆ ಎಂದರೆ ಸಾಕು.

ಒಳಗೆ ಎಂಟು ಇಂಚಿನ ಕನ್ನಡಿಯ ದೂರದರ್ಶಕ. ಆ ಕನ್ನಡಿಯನ್ನು ಅಕ್ಕೋರೇ ಎರಡು ಗಾಜಿನ ಬಿಲ್ಲೆಗಳ ನಡುವೆ ಸಾಣೆಪುಡಿ ಹಾಕಿ ಎಂಟು ತಿಂಗಳು ಕೈಯಿಂದ ಉಜ್ಜಿ ಮಾಡಿದ್ದರು. ಹೊಳಪು ಏರಿಳಿಯುವ ಕೆಲವು ನಕ್ಷತ್ರಗಳನ್ನು ಹನ್ನೊಂದು ವರ್ಷದಿಂದ ನೋಡಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ನೋಡಲಾಗದ ರಾತ್ರಿಯ ಮುಂದೆ ಕಾರಣ ಬರೆಯಲು ಅದರಲ್ಲೊಂದು ಕಾಲಮ್ಮು.

ಹಿಂದಿನ ವಾರ ಅಕಾಲದಲ್ಲಿ ಸುರಿದ ಅವಕಾಳಿ ಮಳೆಗೆ ಕೋಣೆ ಸೋರಿತ್ತು. ಕನ್ನಡಿಯನ್ನು ಬಿಚ್ಚಿ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು.

"ಇದರ ಮ್ಯಾಲ ಅಲ್ಯೂಮಿನಿಯಂ ಲೇಪ ಐತ್ರಿ ಈರಣ್ಣಾರ. ಹನಿ ಬಿದ್ದು ಒಣಗಿದ್ರ ಕಲಿ ಹೋಗಂಗಿಲ್ಲ. ಮತ್ತ ಲೇಪ ಹಾಕಸಬೇಕಂದ್ರ ಪುಣೆಕ್ಕ ಕಳಸಬೇಕು. ದಾರ್ಯಾಗ ಒಡದ್ರ ಇನ್ನೊಂದು ಉಜ್ಜೂದು ಈ ಕೈಲೆ ಆಗಂಗಿಲ್ರಿ," ಎಂದು ಬೆರಳು ಚಾಚಿದರು. ಸಂಧಿವಾತಕ್ಕೆ ಗಿಣ್ಣುಗಳೆಲ್ಲ ಊದಿದ್ದವು. ಮಿರಗ, ಅಂದರೆ ಮೃಗಶಿರಾ ಮಳೆ ಕೂಡಲು ಇನ್ನು ಮೂರು ವಾರ ಇತ್ತು.

ನಾನು ಏಣಿ ಹಾಕಿ ಸೂರಿನ ಮೇಲೆ ಹತ್ತಿದೆ. ಹತ್ತಿದವನೇ, ಆ ಬೇಸಿಗೆಯಲ್ಲಷ್ಟೇ ಹೊಸ ತಗಡು ಹೊದಿಸಿದ್ದವನ ಹೆಸರು ಕೇಳಿದೆ. ಬೈಯುವುದಕ್ಕೆ ಹೆಸರು ಬೇಕಿತ್ತು! ತಗಡಿನಲ್ಲಿ ಉಬ್ಬು ಮತ್ತು ತಗ್ಗು ಎಂದು ಎರಡಿರುತ್ತವೆ. ನೀರು ಹರಿಯುವುದು ತಗ್ಗಿನಲ್ಲಿ. ಈ ಪುಣ್ಯಾತ್ಮ ಅಷ್ಟೂ ಸ್ಕ್ರೂಗಳನ್ನು ತಗ್ಗಿನಲ್ಲೇ ಹೊಡೆದಿದ್ದ. ಅರ್ಧಕ್ಕೆ ರಬ್ಬರ್ ವಾಶರ್ ಇಲ್ಲ. ತಗಡನ್ನು ಗೋಡೆಯ ಅಂಚಿಗೆ ಸಮ ಕತ್ತರಿಸಿದ್ದ, ಒಂದಿಂಚೂ ಹೊರಗೆ ಚಾಚಿರಲಿಲ್ಲ. ಎರೆಭೂಮಿಯ ಬಯಲಲ್ಲಿ ಬೀಸುವ ಗಾಳಿಗೆ ಸೂರನ್ನು ಹಿಡಿದಿಡಲು ಒಂದು ಕೊಕ್ಕೆಯಾದರೂ ಬೇಡವೇ? ಸೋರುತ್ತದೆ ಎಂದು ಅಕ್ಕೋರು ಹೇಳಿದ್ದಕ್ಕೆ ಅವನ ಉತ್ತರ ಏನು ಗೊತ್ತೇ? "ಸೂರು ತಗಿಯೂದ್ಯಾಕ್ರಿ? ಸ್ಲ್ಯಾಬ್ ಹಾಕಸ್ರಿ, ಚುಕ್ಕಿ ಮೊಬೈಲ್‌ನ್ಯಾಗ ನೋಡ್ರಿ."

ನನಗೆ ಉರಿದುಹೋಯಿತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವ ಸೀಮೆ ನಮ್ಮದು. ಇಲ್ಲಿ ನಕ್ಷತ್ರದ ಹೆಸರು ಹಿಡಿಯದೆ ಯಾರೂ ಕೂರಿಗೆ ಹೂಡುವುದಿಲ್ಲ. ಅಂಥ ಊರಲ್ಲಿ ಆ ನಕ್ಷತ್ರವನ್ನು ಕಣ್ಣಾರೆ ನೋಡುತ್ತೇನೆ ಎಂದವಳು ಹುಚ್ಚಿಯಾಗುತ್ತಾಳೆ!

ಆ ಸಿಟ್ಟಿನಲ್ಲೇ ಕೆಲಸಕ್ಕಿಳಿದೆ. ಆರು ದಿನ ಹಿಡಿಯಿತು. ತೂತುಗಳನ್ನೆಲ್ಲ ಮುಚ್ಚಿದೆ. ಸಂದುಸಂದಿಗೂ ಸಿಲಿಕೋನ್ ಅಂಟು ತುಂಬಿದೆ. ಸೂರಿನ ನಾಲ್ಕೂ ಅಂಚಿಗೆ ದಪ್ಪ ರಬ್ಬರ್ ಪಟ್ಟಿ ಹಾಕಿ ಗೋಡೆಗೆ ಬಿಗಿಯಾಗಿ ಒತ್ತುವಂತೆ ಮಾಡಿದೆ. ಬಾಗಿಲಿಗೆ ಫೋಮ್ ಅಂಟಿಸಿದೆ. ಗೋಡೆಯಲ್ಲಿದ್ದ ಎರಡು ಗಾಳಿಕಿಂಡಿಗಳಿಗೂ ಸಿಮೆಂಟ್ ಮೆತ್ತಿದೆ. ಆಮೇಲೆ ಪೈಪ್ ಹಿಡಿದು ಎರಡು ತಾಸು ನೀರು ಬಿಟ್ಟರೆ ಒಳಗೆ ಒಂದು ಹನಿ ಇಲ್ಲ.

"ಇನ್ನ ಇರಿವಿ ಸೈತ ಒಳಗ ಬರಂಗಿಲ್ಲ ನೋಡ್ರಿ," ಎಂದೆ.

ಹಿತ್ತಲ ಬಾಗಿಲಲ್ಲಿ ಕುಳಿತಿದ್ದ ಗಂಗವ್ವ ಕೇಳಿದಳು: "ಉಸರಾಡಾಕರ ಜಾಗಾ ಬಿಟ್ಟೀಯೋ ಇಲ್ಲೋ ತಮ್ಮಾ?"

ಮುದುಕಿಯ ಮಾತು ಎಂದು ನಕ್ಕು ಬಂದೆ. ರೋಹಿಣಿ ಮಳೆ ಸುರಿಯಿತು, ಕೋಣೆ ಸೋರಲಿಲ್ಲ. ಅಕ್ಕೋರು ಕನ್ನಡಿಯನ್ನು ಮತ್ತೆ ದೂರದರ್ಶಕಕ್ಕೆ ಕೂರಿಸಿದರು. ಮಳೆ ನಿಂತು ಮೂರು ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಅವರದೇ ಫೋನು.

"ಒಳಗ ಹನಿ ಬಿದ್ದಾವ್ರಿ ಈರಣ್ಣಾರ. ಮಳಿನ ಆಗಿಲ್ಲ."

"ಮಳಿ ಇಲ್ಲದ ಹೆಂಗ ಸೋರ್ತದ್ರಿ? ರಾತ್ರಿ ಆಗಿರಬೇಕು, ನೀವು ಮಲಗಿದ್ರಿ."

"ರಾತ್ರಿ ಎದ್ದಿರೂದ ನನ್ನ ಕೆಲಸ ಐತ್ರಿ," ಎಂದು ಫೋನು ಇಟ್ಟರು.

ಆಡಿ ತೋರಿಸುವುದಕ್ಕಿಂತ ಮಾಡಿ ತೋರಿಸುತ್ತೇನೆ ಎಂದು ಬುಸುಗುಡುತ್ತ ಮೋಟರ್‌ಸೈಕಲ್ ಹತ್ತಿದೆ. ಅಕ್ಕೋರು ನೋಟ್‌ಬುಕ್ ತೆರೆದು ಕೈಗೆ ಕೊಟ್ಟರು. ರಾತ್ರಿ ಹತ್ತು ಗಂಟೆ, ಆಕಾಶ ಸ್ವಚ್ಛ. ಹನ್ನೊಂದು, ಸ್ವಚ್ಛ. ಎರಡು ಗಂಟೆಯ ಮುಂದೆಯೂ ಅದೇ. ಕಾರಣದ ಕಾಲಮ್ಮಿನಲ್ಲಿ ಮೂರು ದಿನವೂ ಒಂದೇ ಸಾಲು: "ಸೂರು ಸರಿಯಲಿಲ್ಲ." ನನ್ನ ರಬ್ಬರ್ ಪಟ್ಟಿ ಗೋಡೆಯನ್ನು ಹಾಗೆ ಕಚ್ಚಿ ಹಿಡಿದಿತ್ತು. ಊದಿದ ಕೈಯಲ್ಲಿ ದೂಡಿ ದೂಡಿ ಸೋತು, ಮೂರು ರಾತ್ರಿ ಅಂಗಳದಲ್ಲಿ ಬರಿಗಣ್ಣಲ್ಲಿ ಕುಳಿತಿದ್ದರು. ಅವರಿಗೆ ನಾನು, ನೀವು ಮಲಗಿದ್ದಿರಿ ಎಂದಿದ್ದೆ.

ಒಳಗೆ ಹೋಗಿ ಮೇಲೆ ನೋಡಿದೆ. ತಗಡಿನ ಒಳಮೈ ತುಂಬ ಹನಿ, ಇಡ್ಲಿ ಪಾತ್ರೆಯ ಮುಚ್ಚಳದ ಹಾಗೆ. ಇದಕ್ಕೆ ಕಂಡೆನ್ಸೇಶನ್ ಎನ್ನುತ್ತಾರೆ. ಮಳೆಗೆ ನೆಲದಡಿಯ ಮಣ್ಣು ತೋಯ್ದಿತ್ತು. ಹಗಲಿನ ಕಾವಿಗೆ ಅದರ ಹಸಿ ಆವಿಯಾಗಿ ಮೇಲೆದ್ದಿತು. ಹೊರಗೆ ಹೋಗಲು ನಾನು ಸೂಜಿಯ ಸಂದೂ ಬಿಟ್ಟಿರಲಿಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ತಗಡು ಬೇಗ ತಣ್ಣಗಾಗುತ್ತದೆ, ಆವಿ ಅದಕ್ಕೆ ತಾಗಿ ನೀರಾಗಿ ತೊಟ್ಟಿಕ್ಕಿತು. ಮೊದಲಿನವನು ಮಳೆಯನ್ನು ಒಳಗೆ ಬಿಟ್ಟಿದ್ದ. ನಾನು ಒಳಗೇ ಮಳೆ ಹುಟ್ಟಿಸಿದ್ದೆ. ಅವನನ್ನು ಬೈದ ಬಾಯಿ ನನ್ನದೇ. ದೂರದರ್ಶಕದ ಕೊಳವೆಯ ಬಾಯಿಗೆ ಕಟ್ಟಿದ್ದ ಬಟ್ಟೆ ತೊಯ್ದು, ಕನ್ನಡಿಯ ಅಂಚಿನಲ್ಲಿ ಮೂರು ಹನಿ ಒಣಗಿ ಬಿಳಿ ಕಲೆ ಉಳಿದಿತ್ತು. ನನಗೆ ಅಕ್ಕೋರ ಮುಖ ನೋಡಲಾಗಲಿಲ್ಲ.

ಗಂಗವ್ವ ಚಹಾಕ್ಕೆ ಕರೆದಳು. ಅವರು ವಾಸಿಸುವ ಮನೆ ಚಪ್ಪಟೆ ಮಣ್ಣಿನ ಸೂರಿನ ಹಳೆಯ ಮಾಳಿಗೆ. ಅಡುಗೆ ಒಲೆಯ ಮೇಲೆ ಬೆಳಕಿಂಡಿ: ಮಾಳಿಗೆಯಲ್ಲಿ ಒಂದು ತೂತು, ಅದರ ಸುತ್ತ ಗೇಣೆತ್ತರದ ಕಟ್ಟೆ, ಕಟ್ಟೆಯ ಮೇಲೆ ನಾಲ್ಕು ಸಣ್ಣ ಕಲ್ಲಿಟ್ಟು ಮುಚ್ಚಿದ ಅಗಲ ತಗಡು. ಅವಳು ಕೋಲೆತ್ತಿ ಅದನ್ನು ತೋರಿಸಿದಳು.

"ಇದಕ್ಕ ಅಂಟ ಹಚ್ಚೀವೇನೋ ತಮ್ಮಾ? ಹೊಗಿ ಹೊರಗ ಹೋಗಬೇಕು, ಮಳಿ ಒಳಗ ಬರಬಾರದು. ಮುಚ್ಚಳಾ ಕಟ್ಟಿಗಿಂತ ದೊಡ್ಡದಿರಬೇಕು, ಕಟ್ಟಿಗೆ ಅಂಟಿರಬಾರದು. ಇಷ್ಟ."

ನಾನು ಹುಟ್ಟಿ ಬೆಳೆದದ್ದೂ ಅಂಥದೇ ಮಾಳಿಗೆಯ ಕೆಳಗೆ. ಮಳೆ ಬಂದಾಗ ಓಡಿಹೋಗಿ ಬೆಳಕಿಂಡಿ ಮುಚ್ಚುವುದು ಮನೆಯಲ್ಲಿ ನನ್ನ ಪಾಲಿನ ಕೆಲಸವಾಗಿತ್ತು. ಕೈಗೆ ಸಿಲಿಕೋನ್ ಗನ್ ಬಂದ ಮೇಲೆ ಎಲ್ಲ ಮರೆತಿದ್ದೆ. ಯಾವ ಸೋರಿಕೆಗೂ ನಮ್ಮ ವೃತ್ತಿಯವರ ಬಳಿ ಈಗ ಒಂದೇ ಮದ್ದು, ಹಚ್ಚಿಬಿಡು. ಥೂ!

ಅದೇ ದಿನ ರಬ್ಬರ್ ಪಟ್ಟಿ ಕಿತ್ತೊಗೆದೆ. ಮುಂದಿನ ದಿನಗಳಲ್ಲಿ ಹೊಸ ತಗಡು ಹಾಕಿ, ವಾಶರ್ ಕೂಡಿಸಿ ಉಬ್ಬಿನ ಮೇಲೆ ಸ್ಕ್ರೂ ಹೊಡೆದೆ. ಅಂಚಿಗೆ ಒಂಬತ್ತು ಇಂಚಿನ ತಗಡಿನ ಪಟ್ಟಿಯನ್ನು ಸೆರಗಿನಂತೆ ಗೋಡೆಯ ಹೊರಗೆ, ಗೋಡೆಯಿಂದ ಎರಡು ಬೆರಳು ದೂರ ಇಳಿಬಿಟ್ಟೆ. ಸೂರು ಸರಿಸುವಾಗ ಗೋಡೆಗೆ ತಡೆಯದಂತೆ ಮುಂಭಾಗದ ಪಟ್ಟಿಗೆ ಬಿಜಾಗರಿ ಹಾಕಿದೆ. ಹಳಿಯ ಒಳಬದಿಗೆ ಮೂರು ಇಂಚಿನ ಕಟ್ಟೆ ಎಬ್ಬಿಸಿದೆ. ಗಾಳಿಕಿಂಡಿಗಳನ್ನು ಒಡೆದು ಬಲೆ ಬಡಿದೆ. ತಗಡಿನ ಒಳಮೈಗೆ ಇನ್ಸುಲೇಶನ್ ಶೀಟ್, ನೆಲಕ್ಕೆ ಪ್ಲಾಸ್ಟಿಕ್ ಹಾಸಿ ಮೇಲೆ ಕಾಂಕ್ರೀಟ್, ನಾಲ್ಕು ಮೂಲೆಗೆ ಗಾಳಿಕೊಕ್ಕೆ. ಗಾಲಿಗಳ ಬೇರಿಂಗ್ ಬದಲಿಸಿದೆ. ಅಕ್ಕೋರು ಒಂದು ಕೈಯಿಂದ ದೂಡಿದರು, ಸೂರು ಸರಿಯಿತು.

ಮಿರಗ ಗಾಳಿ ಸಮೇತ ಬಂತು. ಈ ಸಲ ಫೋನಿಗೆ ಕಾಯದೆ ಮರುದಿನ ಬೆಳಿಗ್ಗೆ ನಾನೇ ಹೋದೆ. ಅಕ್ಕೋರು ಬಟ್ಟೆ ಸರಿಸಿದರು. ಕನ್ನಡಿ ಒಣಗಿತ್ತು. ಪುಣೆಗೆ ನಾನೇ ತೊಡೆಯ ಮೇಲಿಟ್ಟುಕೊಂಡು ಒಯ್ದು ಲೇಪ ಹಾಕಿಸಿ ತರುತ್ತೇನೆ ಎಂದೆ. "ಇರಲಿ ಬಿಡ್ರಿ. ಮೂರು ಕಲಿಗೆ ಚುಕ್ಕಿ ಕಾಣೂದೇನು ನಿಂದರಂಗಿಲ್ಲ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ಸೋರುತ್ತದೆ ಎಂದು ಯಾರು ಕರೆದರೂ ನಾನು ಮೊದಲು ಸೂರು ಹತ್ತುವುದಿಲ್ಲ. ಅದರ ಕೆಳಗೆ ಬದುಕುವವರ ಹತ್ತಿರ ಕುಳಿತು, ಯಾವಾಗ ಸೋರಿತು, ಹೇಗೆ ಸೋರಿತು ಎಂದು ಪೂರ್ತಿ ಕೇಳುತ್ತೇನೆ. ಕೇಳಿದ್ದನ್ನು ನಂಬುತ್ತೇನೆ. ಇಪ್ಪತ್ತೊಂಬತ್ತು ವರ್ಷ ನಾನು ಮಾಡದ ಕೆಲಸ ಅದು. ಅಕ್ಕೋರ ನೋಟ್‌ಬುಕ್ಕುಗಳಲ್ಲಿ ನೋಡಲಾಗದ ರಾತ್ರಿಗಳು ಎಷ್ಟೋ ಇವೆ. ಕಾರಣದ ಕಾಲಮ್ಮಿನಲ್ಲಿ ಮೋಡ, ಮಳೆ, ಜ್ವರ ಎಂದಿದೆ. ಮೂರು ಸಾಲಿಗೆ ಮಾತ್ರ ಕಾರಣ ನಾನು. ಅಲ್ಲಿ ನನ್ನ ಹೆಸರು ಬರೆಯದೆ ಬಿಟ್ಟದ್ದು ಅವರ ದೊಡ್ಡತನ.